ಹಡಗಿನಲ್ಲಿ ಅಗಲವಾದ ಬಾಲ್ಕನಿ: ಅಲಾಸ್ಕಾ ಪ್ರಯಾಣಕ್ಕೆ ನಾನು ರೂಮು ಆರಿಸಿದ ಬಗೆ

ಕ್ರೂಸ್ ಬುಕ್ ಮಾಡುವಾಗ ‘ಬಾಲ್ಕನಿ ರೂಮು’ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ರೂಮುಗಳನ್ನು ಮಾರುತ್ತಾರೆ. ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಆಚೆ ನೀಲಿ ಸಮುದ್ರ. ಆದರೆ ಕೆಲವು ಬಾಲ್ಕನಿಗಳಲ್ಲಿ ಕೂತರೆ ಮೊಣಕಾಲು ಗಾಜಿಗೆ ತಾಗುತ್ತದೆ. ಇನ್ನು ಕೆಲವದರಲ್ಲಿ ನಾಲ್ಕು ಜನ ಕಾಲು ಚಾಚಿ ಕೂರಬಹುದು. ಎಷ್ಟೋ ಸಲ ಈ ಎರಡಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವೇ ಇರುವುದಿಲ್ಲ!

ಊರಿಂದ ಬಂದಿದ್ದ ಅಪ್ಪ ಅಮ್ಮನನ್ನು ಅಲಾಸ್ಕಾ ತೋರಿಸಲು ಕರೆದುಕೊಂಡು ಹೋಗುವಾಗ ನಾನು ಈ ವಿಷಯವನ್ನು ಕೂತು ಓದಿದೆ. ಅದಕ್ಕೆ ಕಾರಣ ಅಪ್ಪನ ಮಂಡಿನೋವು. ಅಲಾಸ್ಕಾ ಪ್ರಯಾಣದಲ್ಲಿ ನೋಡಬೇಕಾದ್ದು ಬಹಳಷ್ಟು ಹಡಗಿನ ಮೇಲಿಂದಲೇ ನೋಡುವಂಥದ್ದು. ಗ್ಲೇಸಿಯರ್ ಬೇ ನ್ಯಾಷನಲ್ ಪಾರ್ಕಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಒಳಗೆ ಹೋದ ಮೇಲೆ ಹಡಗು ಎಲ್ಲೂ ದಡಕ್ಕೆ ನಿಲ್ಲುವುದಿಲ್ಲ. ಪಾರ್ಕಿನ ರೇಂಜರ್‌ಗಳೇ ದೋಣಿಯಲ್ಲಿ ಬಂದು ಹಡಗು ಹತ್ತಿ ವಿವರಣೆ ಕೊಡುತ್ತಾರೆ. ದಿನದ ಬಹುಪಾಲು ಹಡಗು ಮಂಜುಗಡ್ಡೆಯ ನಡುವೆ ನಿಧಾನ ಸಾಗುತ್ತದೆ. ಆ ಹೊತ್ತಿನಲ್ಲಿ ಮೇಲಿನ ಡೆಕ್ಕುಗಳಲ್ಲಿ, ಅಂದರೆ ಹಡಗಿನ ಮೇಲಂತಸ್ತುಗಳಲ್ಲಿ, ಜನ ರೇಲಿಂಗಿಗೆ ಅಂಟಿಕೊಂಡು ನಿಂತಿರುತ್ತಾರೆ. ಅಪ್ಪ ಆ ಗುಂಪಿನಲ್ಲಿ ಅರ್ಧ ಗಂಟೆಯೂ ನಿಲ್ಲಲಾರರು. ಅವರು ಕೂತಲ್ಲಿಂದಲೇ ನೋಡಬೇಕು, ಪಕ್ಕದಲ್ಲಿ ನಾವೂ ಕೂರುವಂತಿರಬೇಕು. ಹಾಗಾಗಿ ರೂಮು ಚಿಕ್ಕದಾದರೂ ಸರಿ, ಬಾಲ್ಕನಿ ದೊಡ್ಡದಿರಲಿ ಎಂದು ತೀರ್ಮಾನ ಮಾಡಿದೆ.

ಮೊದಲು ತಿಳಿದ ವಿಷಯ ಇದು. ಬಾಲ್ಕನಿಯ ಅಗಲ ರೂಮಿನ ಅಗಲದಷ್ಟೇ ಇರುತ್ತದೆ. ಸಾಲಾಗಿ ಒಂದರ ಪಕ್ಕ ಒಂದು ರೂಮು ಕೂರಿಸಿರುತ್ತಾರಲ್ಲ, ಅದರಿಂದ ಅಗಲದಲ್ಲಿ ಹೆಚ್ಚು ಕಡಿಮೆ ಮಾಡಲು ಜಾಗವಿಲ್ಲ. ವ್ಯತ್ಯಾಸ ಬರುವುದು ಬಾಗಿಲಿನಿಂದ ರೇಲಿಂಗಿನವರೆಗಿನ ಉದ್ದದಲ್ಲಿ. ಆ ಉದ್ದ ಹಡಗಿನ ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆ. ಅದಕ್ಕೇ ನಾನು ರೂಮಿನ ಫೋಟೋ ನೋಡುವುದನ್ನು ಬಿಟ್ಟು ಹಡಗಿನ ಫೋಟೋ ನೋಡಲು ಶುರು ಮಾಡಿದೆ. ಪಕ್ಕದಿಂದ ಅಥವಾ ಹಿಂದಿನಿಂದ ತೆಗೆದ, ಇಡೀ ಹಡಗು ಕಾಣುವ ಫೋಟೋ. ಬಾಲ್ಕನಿಗಳು ಗೋಡೆಯ ಹಾಗೆ ನೇರ ಮೇಲಕ್ಕೆ ಹೋಗಿವೆಯಾ, ಅಥವಾ ಕೆಳಗಿನ ಸಾಲು ಮೇಲಿನ ಸಾಲಿಗಿಂತ ಮುಂದೆ ಚಾಚಿದೆಯಾ? ಇದೊಂದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

ಪ್ರಿನ್ಸೆಸ್ ಕಂಪನಿಯ ಗ್ರ್ಯಾಂಡ್ ವರ್ಗದ ಹಡಗುಗಳು ನನ್ನ ಕಣ್ಣಿಗೆ ಬಿದ್ದದ್ದು ಹೀಗೆ. 1998ರಲ್ಲಿ ಗ್ರ್ಯಾಂಡ್ ಪ್ರಿನ್ಸೆಸ್ ಬಂತು. ಆಮೇಲೆ ಕ್ರೌನ್, ಎಮರಾಲ್ಡ್, ರೂಬಿ ಎಲ್ಲ ಅದೇ ವಿನ್ಯಾಸದ ಮೇಲೆ ಬಂದವು. ಇವುಗಳ ಪಕ್ಕ ನೋಡಿದರೆ ದಸರೆಗೆ ಬೊಂಬೆ ಕೂರಿಸುವ ಮೆಟ್ಟಿಲಿನ ಹಾಗಿದೆ. ಕೆಳಗೆ 9ನೇ ಡೆಕ್ ಡಾಲ್ಫಿನ್, ಅದು ಎಲ್ಲಕ್ಕಿಂತ ಮುಂದೆ ಬಂದಿದೆ. ಅದರ ಮೇಲೆ 10ನೇ ಡೆಕ್ ಕರೀಬ್, ಸ್ವಲ್ಪ ಒಳಗೆ. ಅದರ ಮೇಲೆ 11ನೇ ಡೆಕ್ ಬಾಹಾ, ಇನ್ನೂ ಒಳಗೆ. 12ನೇ ಡೆಕ್ ಅಲೋಹಾ.

ಈ ಮೆಟ್ಟಿಲಿನಿಂದ ಏನಾಗುತ್ತದೆ ಅಂದರೆ, ಡಾಲ್ಫಿನ್ ಡೆಕ್ಕಿನ ಮಿನಿ ಸೂಟ್‌ಗಳ (ಬಾಲ್ಕನಿ ರೂಮಿಗಿಂತ ದೊಡ್ಡ ರೂಮುಗಳು) ಬಾಲ್ಕನಿ ವಿಶಾಲವಾಗಿದೆ, ಆದರೆ ಮೇಲೆ ಸೂರಿಲ್ಲ, ಪೂರ್ತಿ ಆಕಾಶ. ಬಾಹಾ ಮತ್ತು ಅಲೋಹಾದಲ್ಲಿ ಸೂರು ಇದೆ, ಜಾಗ ಕಡಿಮೆ. ನಡುವಿನ ಕರೀಬ್ ಡೆಕ್ಕಿನಲ್ಲಿ ಮಾತ್ರ ಬಾಲ್ಕನಿಯ ಒಳಭಾಗಕ್ಕೆ ಸೂರು, ಹೊರಭಾಗ ಬಯಲು. ಮೇಲಿನ ಎರಡು ಡೆಕ್ಕುಗಳ ಬಾಲ್ಕನಿಗಿಂತ ಇದು ಎದ್ದು ಕಾಣುವಷ್ಟು ದೊಡ್ಡದು. ಆದರೆ ಮೂರನ್ನೂ ಮಾರುವುದು ‘ಬಾಲ್ಕನಿ’ ಎಂದೇ. ಸಾಮಾನ್ಯವಾಗಿ ಮೇಲಿನ ಡೆಕ್ ಎಂದರೆ ಮೇಲಿನ ದರ್ಜೆ ಎಂಬ ಲೆಕ್ಕ. ಹಾಗಾಗಿ ಎತ್ತರಕ್ಕೆ ಹೋದಷ್ಟೂ ಜಾಸ್ತಿ ದುಡ್ಡು ಕೊಟ್ಟು ಚಿಕ್ಕ ಬಾಲ್ಕನಿ ತೆಗೆದುಕೊಂಡ ಹಾಗಾಗುತ್ತದೆ.

ಅಲಾಸ್ಕಾಕ್ಕೆ ಅರ್ಧ ಸೂರು ಬೇಕೇ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದಾರಿಯಲ್ಲಿ ಸಿಗುವ ಕೆಚಿಕನ್ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಹೆಚ್ಚು ಕಡಿಮೆ ನಮ್ಮ ಮಂಗಳೂರಿನಷ್ಟು. ಬೇಸಿಗೆಯಲ್ಲೂ ಸೋನೆ ಬಿಡುವುದಿಲ್ಲ. ಪೂರ್ತಿ ಬಯಲಾದ ಬಾಲ್ಕನಿ ಎಷ್ಟು ದೊಡ್ಡದಿದ್ದು ಏನು ಬಂತು, ಕುರ್ಚಿ ಒದ್ದೆಯಾದರೆ? ಬಿಸಿಲಿನ ಕೆರಿಬಿಯನ್ ಕಡೆಗಾದರೆ ಡಾಲ್ಫಿನ್ ಚೆನ್ನ ಅನ್ನುತ್ತಿದ್ದೆನೇನೋ.

ಹೊಸ ಹಡಗಾದರೆ ಬಾಲ್ಕನಿ ಇನ್ನೂ ದೊಡ್ಡದಿರುತ್ತದೆ ಎಂದು ಮನೆಯವರು ವಾದ ಮಾಡಿದರು. ನೋಡಿದರೆ ಉಲ್ಟಾ. ಅದೇ ಕಂಪನಿ 2013ರಲ್ಲಿ ತಂದ ರಾಯಲ್ ಪ್ರಿನ್ಸೆಸ್ ಮತ್ತು ಅದರ ತಂಗಿ ಹಡಗುಗಳಲ್ಲಿ ಹೊರಬದಿಯ ಪ್ರತಿ ರೂಮಿಗೂ ಬಾಲ್ಕನಿ ಕೊಟ್ಟಿದ್ದಾರೆ. ಎಲ್ಲರಿಗೂ ಕೊಡಲು ಹೋಗಿ ಪ್ರತಿಯೊಂದೂ ಕಿರಿದಾಗಿದೆ. ಬೇರೆ ಕಂಪನಿಗಳಲ್ಲೂ ಹೆಸರು ನೋಡಿ ಮೋಸ ಹೋಗಬಾರದು. ರಾಯಲ್ ಕೆರಿಬಿಯನ್‌ನ ಓಯಸಿಸ್ ವರ್ಗದಲ್ಲಿ ಕೆಲವು ಬಾಲ್ಕನಿಗಳು ಹಡಗಿನ ನಡುವಿನ ಉದ್ಯಾನದ ಕಡೆಗೆ ತೆರೆಯುತ್ತವೆ, ಸಮುದ್ರವೇ ಕಾಣುವುದಿಲ್ಲ. ಸೆಲೆಬ್ರಿಟಿ ಕಂಪನಿಯ ಎಡ್ಜ್ ಹಡಗಿನ ಬಹಳಷ್ಟು ರೂಮುಗಳಲ್ಲಿ ಬಾಲ್ಕನಿ ರೂಮಿನೊಳಗೇ ಸೇರಿಕೊಂಡಿದೆ. ಗುಂಡಿ ಒತ್ತಿದರೆ ಮೇಲಿನ ಅರ್ಧ ಗಾಜು ಕೆಳಗಿಳಿಯುತ್ತದೆ, ಅಷ್ಟೆ. ಅದೇ ಕಂಪನಿಯ ಸಾಲ್‌ಸ್ಟಿಸ್ ವರ್ಗದಲ್ಲಿ ಹಡಗಿನ ಮಧ್ಯಭಾಗ ಉಬ್ಬಿಕೊಂಡಿದೆ. ಆ ಉಬ್ಬಿನ ಅಂಚಿನಲ್ಲಿರುವ ಓರೆ ರೂಮುಗಳಿಗೆ ಬಾಲ್ಕನಿ ದೊಡ್ಡದು. ಅದನ್ನೂ ಸಾಕಷ್ಟು ಹೊತ್ತು ಯೋಚಿಸಿದ್ದೆ. ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ. ಅಲ್ಲಿಂದಲೇ ಹೊರಟು ಅಲ್ಲಿಗೇ ವಾಪಸ್ ಬರುವ ರೂಬಿ ಪ್ರಿನ್ಸೆಸ್ ಇತ್ತು. ಅಪ್ಪ ಅಮ್ಮನಿಗೆ ಮತ್ತೆ ವಿಮಾನ ಹತ್ತುವ ಕೆಲಸ ಇಲ್ಲ ಎಂದು ಅದನ್ನೇ ಆರಿಸಿದೆ.

ಡೆಕ್ ಗೊತ್ತಾದ ಮೇಲೆ ರೂಮು ನಂಬರ್. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟರೆ ಮೊದಲು ಸಿಗುವುದು ಬರೀ ತೆರೆದ ಪೆಸಿಫಿಕ್ ಸಾಗರ, ಅಲೆ ಜೋರು. ಹಡಗು ತೂಗುವಾಗ ಮುಂದಿನ ತುದಿ, ಹಿಂದಿನ ತುದಿ ಎರಡೂ ಜಾಸ್ತಿ ಏರಿಳಿಯುತ್ತವೆ, ನಡುಭಾಗ ಕಡಿಮೆ. ಅಮ್ಮನಿಗೆ ಘಾಟಿಯಲ್ಲೇ ತಲೆ ತಿರುಗುತ್ತದೆ. ಹಾಗಾಗಿ ನಡುಭಾಗದ ರೂಮೇ ಬೇಕು. ಹಡಗಿನ ಹಿಂಬದಿಯ ಬಾಲ್ಕನಿಗಳು ಚೆನ್ನಾಗಿರುತ್ತವೆ, ಹಡಗು ಬಿಟ್ಟುಹೋಗುವ ನೊರೆಯ ದಾರಿ ಕಾಣುತ್ತದೆ. ಆದರೆ ಅಲ್ಲಿ ಎಂಜಿನ್ ಮತ್ತು ಪ್ರೊಪೆಲರ್‌ನ ನಡುಕ ಇರುತ್ತದೆ. ಡೆಕ್ ಪ್ಲಾನ್ ಮೂರನ್ನು ಪಕ್ಕಪಕ್ಕ ಇಟ್ಟುಕೊಂಡು ನಮ್ಮ ರೂಮಿನ ಮೇಲೆ ಏನಿದೆ, ಕೆಳಗೆ ಏನಿದೆ ಅಂತ ಬೆರಳಿಟ್ಟು ನೋಡಿದೆ. ಕರೀಬ್ ಡೆಕ್ಕಿನ ಮೇಲೂ ರೂಮು, ಕೆಳಗೂ ರೂಮು. ತಲೆಯ ಮೇಲೆ ಊಟದ ಹಾಲ್ ಇದ್ದರೆ ಬೆಳಗಾಗುವ ಮುಂಚೆಯೇ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ, ಅಲ್ವಾ? ಆ ಕಾಟ ಇಲ್ಲ. ಲೈಫ್‌ಬೋಟುಗಳು ಇನ್ನೂ ಕೆಳಗಿನ ಡೆಕ್ಕುಗಳ ಮಟ್ಟದಲ್ಲಿ ತೂಗಿರುತ್ತವೆ. ಇಲ್ಲಿ ಅವು ನೋಟಕ್ಕೆ ಅಡ್ಡ ಬರುವುದಿಲ್ಲ.

ಎಡವೋ ಬಲವೋ ಎಂದು ತುಂಬ ಜನ ಕೇಳುತ್ತಾರೆ. ಹೋಗಿ ಅದೇ ದಾರಿಯಲ್ಲಿ ಬರುವ ಪ್ರಯಾಣಕ್ಕೆ ಅದು ದೊಡ್ಡ ವಿಷಯವಲ್ಲ. ಗ್ಲೇಸಿಯರ್ ಬೇಯಲ್ಲಿ ಮಾರ್ಜರಿ ಹಿಮನದಿಯ ಎದುರು ಹಡಗನ್ನು ನಿಧಾನ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾರೆ. ನಾನು ಎಡಬದಿ ತೆಗೆದುಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ಕಡೆಗೆ ಹೊರಟಾಗ ಎಡಕ್ಕೆ ಊರು ಕಾಣುತ್ತದೆ. ಉತ್ತರಕ್ಕೆ ಹೋಗುವಾಗ ಪಶ್ಚಿಮದ ಸಂಜೆ ಬಿಸಿಲು ಬಾಲ್ಕನಿಗೆ ಬೀಳುತ್ತದೆ. ಆ ಚಳಿಗೆ ಬಿಸಿಲೇ ಬೇಕು.

ಇನ್ನೊಂದು ಮುಖ್ಯ ವಿಷಯ. ಕಡಿಮೆ ದರದ ‘ಗ್ಯಾರಂಟಿ’ ಟಿಕೆಟ್ ಅಂತ ಇರುತ್ತದೆ. ಬಾಲ್ಕನಿ ರೂಮು ಗ್ಯಾರಂಟಿ, ಆದರೆ ಯಾವ ರೂಮು ಎಂದು ಕಂಪನಿಯವರೇ ಆಮೇಲೆ ಹೇಳುತ್ತಾರೆ. ಬಾಲ್ಕನಿಯ ಅಳತೆ ಮುಖ್ಯ ಎನ್ನುವವರು ಅದರ ಕಡೆ ನೋಡಲೇಬಾರದು. ನಾನು ನಂಬರ್ ಹೇಳಿಯೇ ಬುಕ್ ಮಾಡಿದೆ. ಸ್ವಲ್ಪ ದಿನಕ್ಕೆ ಏಜೆಂಟ್ ಫೋನ್ ಮಾಡಿ, “ಮೇಡಂ, ಒಳ್ಳೆ ಸುದ್ದಿ, ಒಂದು ಡೆಕ್ ಮೇಲಕ್ಕೆ ಉಚಿತವಾಗಿ ಅಪ್‌ಗ್ರೇಡ್ ಸಿಗ್ತಿದೆ” ಅಂದರು. ಮೇಲಿನ ಡೆಕ್ ಅಂದರೆ ಬಾಹಾ. ಚಿಕ್ಕ ಬಾಲ್ಕನಿ! ಬೇಡ ಎಂದೆ. ಅವರಿಗೆ ಆಶ್ಚರ್ಯ. ‘ಈ ಬುಕಿಂಗಿಗೆ ಅಪ್‌ಗ್ರೇಡ್ ಬೇಡ’ ಎಂದು ಗುರುತು ಹಾಕಿಸಿ, ಅದನ್ನು ಇಮೇಲಿನಲ್ಲಿ ಬರೆಸಿಕೊಂಡೆ. ಇಂಥ ಬದಲಾವಣೆ ಕೆಲವೊಮ್ಮೆ ಕೇಳದೆಯೂ ಆಗುತ್ತದೆ. ಹಾಗಾಗಿ ಈ ಗುರುತು ಹಾಕಿಸುವುದನ್ನು ಮರೆಯಬೇಡಿ.

ಅಪ್ಪ ಅಮ್ಮನಿಗೆ ಒಂದು, ನಮಗೆ ಒಂದು, ಹೀಗೆ ಪಕ್ಕಪಕ್ಕದ ಎರಡು ರೂಮು ತೆಗೆದುಕೊಂಡಿದ್ದೆವು. ಬಹಳಷ್ಟು ಹಡಗುಗಳಲ್ಲಿ ಎರಡು ಬಾಲ್ಕನಿಗಳ ನಡುವಿನ ತಡಿಕೆ ತೆರೆಯುವಂಥದ್ದು. ಎಲ್ಲ ರೂಮುಗಳ ನಡುವೆಯೂ ಹಾಗಿರುವುದಿಲ್ಲ, ಕೆಲವು ಕಡೆ ಗಟ್ಟಿ ಉಕ್ಕಿನ ಗೋಡೆಯೇ ಇರುತ್ತದೆ. ಬುಕ್ ಮಾಡುವಾಗಲೇ ಕೇಳಿ ಖಚಿತ ಮಾಡಿಕೊಳ್ಳಬೇಕು. ಹಡಗು ಹತ್ತಿದ ದಿನವೇ ರೂಮು ನೋಡಿಕೊಳ್ಳುವವರಿಗೆ ಹೇಳಿದೆವು, ಅವರು ತೆರೆದುಕೊಟ್ಟರು. ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಜಗಲಿಯೇ ಆಯಿತು. ಅಮ್ಮ ಎದ್ದ ತಕ್ಷಣ ಶಾಲು ಹೊದ್ದು ಅಲ್ಲೇ. ನಾವು ಎದ್ದು ಬರುವ ಹೊತ್ತಿಗೆ ಅಪ್ಪ ಬೈನಾಕ್ಯುಲರ್ ಹಿಡಿದು ತಿಮಿಂಗಿಲ ಹುಡುಕುತ್ತಿರುತ್ತಿದ್ದರು.

ಗ್ಲೇಸಿಯರ್ ಬೇಯ ದಿನ ಅಪ್ಪ ಬಾಲ್ಕನಿ ಬಿಟ್ಟು ಕದಲಲಿಲ್ಲ. ಮಾರ್ಜರಿ ಹಿಮನದಿಯ ಮುಖ ಸುಮಾರು ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿಯಷ್ಟು ಎತ್ತರ. ಅದರಿಂದ ಮಂಜಿನ ತುಂಡು ಕಳಚಿ ನೀರಿಗೆ ಬೀಳುವುದು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ಒಂದು ಗಳಿಗೆ ತಡವಾಗಿ ಬರುತ್ತದೆ. ರೇಂಜರ್ ಮಾತು ರೂಮಿನ ಟಿವಿಯಲ್ಲೂ ಬರುತ್ತಿತ್ತು. 1794ರಲ್ಲಿ ಇಂಗ್ಲಿಷ್ ನೌಕೆಗಳು ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲವಂತೆ. ಮಂಜಿನ ಗೋಡೆಯಲ್ಲಿ ಸುಮಾರು ಐದು ಮೈಲಿಯ ಒಂದು ತಗ್ಗು ಇತ್ತಷ್ಟೆ. ನಾವು ಬೆಳಗಿನಿಂದ ಸಾಗಿ ಬಂದ ಅಷ್ಟೂ ನೀರು ಆಗ ಮಂಜುಗಡ್ಡೆ. ಅಪ್ಪ ಅದನ್ನು ಕೇಳಿ ಮತ್ತೆ ಮತ್ತೆ ಹಿಂದಿರುಗಿ ನೋಡುತ್ತಿದ್ದರು. ಮಧ್ಯಾಹ್ನದ ಊಟವನ್ನೂ ಅಲ್ಲಿಗೇ ತರಿಸಿಕೊಂಡೆವು. ಮಧ್ಯೆ ಸಣ್ಣ ಮಳೆ ಬಂತು, ಕುರ್ಚಿಗಳನ್ನು ಸೂರಿನಡಿಗೆ ಎಳೆದುಕೊಂಡೆವು. ನಿಂತ ಮೇಲೆ ಮತ್ತೆ ರೇಲಿಂಗ್ ಹತ್ತಿರಕ್ಕೆ.

ಬಾಲ್ಕನಿಯಲ್ಲಿ ನೋಡಿಕೊಳ್ಳಬೇಕಾದ ಕೆಲವು ಸಂಗತಿ ಇವೆ. ಬಾಲ್ಕನಿ ಬಾಗಿಲು ತೆರೆದಿರುವಾಗ ರೂಮಿನ ಬಾಗಿಲು ತೆಗೆದರೆ ಗಾಳಿಗೆ ಬಾಗಿಲು ರಪ್ಪೆಂದು ಬಡಿಯುತ್ತದೆ, ಬೆರಳು ಜೋಪಾನ. ರೇಲಿಂಗ್ ಮೇಲೆ ಬಟ್ಟೆ ಒಣಗಿಸುವಂತಿಲ್ಲ. ಚಿಕ್ಕ ಮಕ್ಕಳಿದ್ದರೆ ಕುರ್ಚಿಯನ್ನು ರೇಲಿಂಗ್ ಪಕ್ಕ ಬಿಟ್ಟು ಒಳಗೆ ಹೋಗಲೇಬಾರದು. ಊರಿಂದ ಬಂದವರು ಚೀಲದಲ್ಲಿ ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಇಟ್ಟುಕೊಂಡಿರುತ್ತಾರೆ. ಬೆಂಕಿಯ ಭಯಕ್ಕೆ ಅದನ್ನು ಹಡಗಿನೊಳಗೆ ಬಿಡುವುದಿಲ್ಲ.

ವೀಸಾ ವಿಷಯವನ್ನೂ ಹೇಳಿಬಿಡುತ್ತೇನೆ. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಬರುವ ಈ ಹಡಗುಗಳು ದಾರಿಯಲ್ಲಿ ಕೆನಡಾದ ಒಂದು ಬಂದರಿಗೆ, ಸಾಮಾನ್ಯವಾಗಿ ವಿಕ್ಟೋರಿಯಾಕ್ಕೆ, ಹೋಗುತ್ತವೆ. ಬೇರೆ ದೇಶದ ಬಾವುಟದ ಹಡಗು ನಡುವೆ ಪರದೇಶದ ಬಂದರು ಮುಟ್ಟಲೇಬೇಕು ಎಂಬ ಅಮೆರಿಕದ 1886ರ ಕಾನೂನಿನಿಂದ ಹೀಗೆ. ಹಾಗಾಗಿ ಭಾರತದ ಪಾಸ್‌ಪೋರ್ಟಿನಲ್ಲಿ ಬಂದ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇಕಾಯಿತು. ಅದು ಕೈಗೆ ಬಂದ ಮೇಲೆಯೇ ನಾನು ಪೂರ್ತಿ ಹಣ ಕಟ್ಟಿದ್ದು.

ಕರೀಬ್ ಡೆಕ್ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ. ಹೊರಭಾಗ ಬಯಲಾದ್ದರಿಂದ ಮೇಲಿನ ಬಾಹಾ, ಅಲೋಹಾದವರು ಬಗ್ಗಿದರೆ ನಾವು ಕಾಣುತ್ತೇವೆ. ಅವರ ಮಾತೂ ಕೇಳಿಸುತ್ತದೆ. ನಮ್ಮ ಮನೆಯವರಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಯಾರೂ ನೋಡದ ಹಾಗೆ ಇಬ್ಬರೇ ಕೂರಬೇಕು, ಎರಡು ಕುರ್ಚಿ ಹಿಡಿದರೆ ಸಾಕು ಎನ್ನುವವರಿಗೆ ಪೂರ್ತಿ ಸೂರಿರುವ ಬಾಹಾ ಡೆಕ್ಕೇ ವಾಸಿ.