ಬಿಲ್ ಫೈಲ್ ಸೇವ್ ಆಗ್ತಿಲ್ವಾ? ಬರೆಯುವ ಕೈ ಯಾವುದು ಅಂತ ಮೊದಲು ನೋಡಿ

ತುಮಕೂರಿನ ಮಂಡಿಪೇಟೆಯಲ್ಲಿ ಎಷ್ಟೋ ಸಗಟು ಅಂಗಡಿಗಳ ಏರ್ಪಾಡು ಒಂದೇ ಥರ. ಗಲ್ಲಾದ ಹತ್ತಿರ ಎರಡು ಮೂರು ಕಂಪ್ಯೂಟರ್, ಒಳಗೆ ಅಕ್ಕಿ ಮೂಟೆಗಳ ಸಂದಿಯಲ್ಲಿ ದೂಳು ಕುಡಿಯುತ್ತಾ ಕೂತ ಒಂದು ಸರ್ವರ್. ಕೌಂಟರಿನಲ್ಲಿ ಬಿಲ್ ಹಾಕಿ ಸೇವ್ ಒತ್ತಿದರೆ ಪಿಡಿಎಫ್ ಬರುವ ಬದಲು 'ಫೈಲ್ ಕ್ರಿಯೇಟ್ ಆಗಲಿಲ್ಲ' ಅಂತ ಬರುತ್ತದೆ. ಹೊರಗೆ ಲಗೇಜ್ ಆಟೊದವನು ಹಾರ್ನ್ ಹೊಡೆಯುತ್ತಿರುತ್ತಾನೆ, ಆ ಗಡಿಬಿಡಿಯಲ್ಲಿ ಹುಡುಗರು ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಬೇಡ. ಹಾಗೆ ಮಾಡಿದ್ದರಿಂದ ಇದು ಸರಿಹೋಗಿದ್ದನ್ನು ನಾನಂತೂ ನೋಡಿಲ್ಲ.

ಮೊದಲು ಎರರ್ ಮೆಸೇಜನ್ನು ಪೂರ್ತಿಯಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ವಿಂಡೋಸ್ ಕೋಡ್ ಇದ್ದರೆ ಅರ್ಧ ಕೆಲಸ ಮುಗಿಯಿತು. 112 ಅಂದರೆ ಡಿಸ್ಕ್ ತುಂಬಿದೆ. 32 ಅಂದರೆ ಅದೇ ಫೈಲನ್ನು ಇನ್ಯಾರೋ ತೆರೆದಿಟ್ಟುಕೊಂಡಿದ್ದಾರೆ, ಮುಚ್ಚಿಸಿ.

3 ಅಂದರೆ ದಾರಿ ಸಿಗಲಿಲ್ಲ ಅಂತ. ಇದು ಜಾಸ್ತಿ ಕುಣಿಸುತ್ತದೆ, ಯಾಕೆಂದರೆ ಫೋಲ್ಡರ್ ಕಣ್ಣೆದುರಿಗೇ ಇರುತ್ತದೆ. ಬಿಲ್ ನಂಬರ್ ನೋಡಿ. ಜಿಎಸ್‌ಟಿ ನಿಯಮದ ಪ್ರಕಾರ ನಂಬರ್ 16 ಅಕ್ಷರದೊಳಗಿರಬೇಕು, ಅದರಲ್ಲಿ ಹೈಫನ್ ಮತ್ತು ಸ್ಲ್ಯಾಶ್ ಎರಡೂ ಇರಬಹುದು. ವಿಂಡೋಸ್ ಮಾತ್ರ ಫೈಲ್ ಹೆಸರಿನಲ್ಲಿ ಸ್ಲ್ಯಾಶ್ ಒಪ್ಪುವುದಿಲ್ಲ. ನಂಬರ್ 25-26/118 ಅಂತಿದ್ದು ಸಾಫ್ಟ್‌ವೇರ್ ಅದನ್ನೇ ಫೈಲಿಗೆ ಇಟ್ಟರೆ, ವಿಂಡೋಸ್ '25-26' ಅನ್ನುವ, ಇಲ್ಲದ ಫೋಲ್ಡರನ್ನು ಹುಡುಕಿಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಹೊಸ ಸೀರೀಸ್ ಶುರು ಮಾಡಿದ ಮೇಲೆ ತೊಂದರೆ ಬಂದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ನನ್ನ ಮಾತು ಕೇಳುವುದಾದರೆ ಹೈಫನ್ ಒಂದೇ ಬಳಸಿ.

ಇನ್ನು 5, ಅಂದರೆ ಅನುಮತಿ ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಕೌಂಟರಿನಿಂದ ನೋಟ್‌ಪ್ಯಾಡ್ ಫೈಲೊಂದನ್ನು ಆ ಫೋಲ್ಡರಿಗೆ ಸೇವ್ ಮಾಡಿ ನೋಡುತ್ತಾರೆ, ಆಗುತ್ತದೆ, 'ಪರ್ಮಿಶನ್ ಸರಿಯಾಗಿದೆ ಸಾರ್' ಅನ್ನುತ್ತಾರೆ. ಸರಿ, ಅದು ನಿಮಗಿದೆ. ಪಿಡಿಎಫ್ ಬರೆಯುತ್ತಿರುವುದು ನೀವೇನಾ? ಗೊತ್ತಾಗಬೇಕಾದರೆ ಕೌಂಟರಿನಲ್ಲೂ ಸರ್ವರಿನಲ್ಲೂ ಡಿ ಡ್ರೈವ್‌ನಲ್ಲಿ 'ಟೆಸ್ಟ್' ಅಂತ ಫೋಲ್ಡರ್ ಮಾಡಿ, ಸಾಫ್ಟ್‌ವೇರಿನಲ್ಲಿ ಆ ಜಾಗ ಕೊಟ್ಟು ಒಂದು ಬಿಲ್ ಹಾಕಿ. ಫೈಲ್ ಯಾವ ಕಂಪ್ಯೂಟರಿನಲ್ಲಿ ಬಿತ್ತೋ ಬರೆಯುವುದು ಅದೇ.

ಸರ್ವರಿನಲ್ಲಿ ಬಿದ್ದರೆ ಅಲ್ಲಿ ವಿಂಡೋಸಿನ 'ಸರ್ವಿಸಸ್' (ತೆರೆಮರೆಯಲ್ಲಿ ಓಡುವ ಪ್ರೋಗ್ರಾಂಗಳ, ಅಂದರೆ ಸರ್ವಿಸ್‌ಗಳ ಪಟ್ಟಿ) ತೆರೆದು, ಆ ಸಾಫ್ಟ್‌ವೇರಿನ ಸರ್ವಿಸ್ ಯಾವ ಅಕೌಂಟಿನಲ್ಲಿ ಓಡುತ್ತಿದೆ ಅಂತ 'ಲಾಗ್ ಆನ್' ಟ್ಯಾಬಿನಲ್ಲಿ ನೋಡಿ. 'ಲೋಕಲ್ ಸಿಸ್ಟಂ' (ವಿಂಡೋಸಿನದೇ ಒಳಗಿನ ಅಕೌಂಟ್) ಅಂತಿದ್ದು ಬಿಲ್ ಫೋಲ್ಡರ್ ಬೇರೆ ಕಂಪ್ಯೂಟರಿನಲ್ಲಿದ್ದರೆ, ಸರ್ವಿಸ್ ಅಲ್ಲಿಗೆ ಹೋಗುವುದು ಯಂತ್ರದ ಹೆಸರಿನಲ್ಲಿ, ನಿಮ್ಮ ಹೆಸರಿನಲ್ಲಲ್ಲ. ಡೊಮೈನ್ (ಎಲ್ಲ ಕಂಪ್ಯೂಟರಿನ ಲಾಗಿನ್ನನ್ನೂ ಒಂದೇ ಕಡೆ ನೋಡಿಕೊಳ್ಳುವ ಏರ್ಪಾಡು) ಇಲ್ಲದ ಸಣ್ಣ ಅಂಗಡಿಯಲ್ಲಿ ಆ ಹೆಸರಿನ ಗುರುತು ಆ ಕಡೆಯ ಕಂಪ್ಯೂಟರಿಗೆ ಇರುವುದಿಲ್ಲ. ನೀವು ಮ್ಯಾಪ್ ಮಾಡಿಟ್ಟ, ಅಂದರೆ ಬೇರೆ ಕಂಪ್ಯೂಟರಿನ ಫೋಲ್ಡರಿಗೆ ಅಕ್ಷರ ಕೊಟ್ಟು ಜೋಡಿಸಿಟ್ಟ ಝಡ್ ಡ್ರೈವ್ ಕೂಡ ನಿಮ್ಮ ಲಾಗಿನ್ನಿಗೆ ಮಾತ್ರ, ಸರ್ವಿಸಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಎರಡೂ ಕಂಪ್ಯೂಟರಿನಲ್ಲಿ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುವ ಹೊಸ ಅಕೌಂಟ್ ಮಾಡಿ. ಅದನ್ನು ಲಾಗ್ ಆನ್‌ನಲ್ಲಿ ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡಿ. ಡ್ರೈವ್ ಅಕ್ಷರದ ಬದಲು \\ಕಂಪ್ಯೂಟರ್ ಹೆಸರು\ಫೋಲ್ಡರ್ ಅಂತ ಪೂರ್ತಿ ದಾರಿ ಬರೆಯಿರಿ. ಅನುಮತಿಯನ್ನು ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಟ್ಯಾಬಿನಲ್ಲಿ ಕೊಡಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

'ಎವ್ರಿಒನ್'ಗೆ 'ಫುಲ್ ಕಂಟ್ರೋಲ್' ಕೊಟ್ಟರೆ ಎರಡು ನಿಮಿಷದಲ್ಲಿ ಮುಗಿಯುತ್ತಲ್ವಾ ಅನ್ನುತ್ತೀರಿ. ಮುಗಿಯಬಹುದು. ಆಮೇಲೆ ಯಾವುದೋ ಕೌಂಟರಿಗೆ ಪೆನ್‌ಡ್ರೈವ್‌ನಿಂದ ರ‍್ಯಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಇಡೀ ವರ್ಷದ ಬಿಲ್ಲಿಗೂ ಬೀಗ ಬೀಳುತ್ತದೆ. ಕ್ರ್ಯಾಕ್ ಮಾಡಿದ ಆಂಟಿವೈರಸ್ ಇದ್ದರೆ ಇವತ್ತೇ ತೆಗೆಯಿರಿ, ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು. ಅದರ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಆಗಿದ್ದರೂ ಫೈಲ್ ಬರೆಯಲು ಬಿಡದೆ ಇರಬಹುದು. ಆಫ್ ಮಾಡಬೇಡಿ, ನಿಮ್ಮ ಸಾಫ್ಟ್‌ವೇರಿಗೆ ಮಾತ್ರ ಒಪ್ಪಿಗೆ ಕೊಡಿ.

ಟೆಸ್ಟಿಗೆ ಹಾಕಿದ ಬಿಲ್ಲನ್ನು ಅಳಿಸಲು ಹೋಗಬೇಡಿ, ಕ್ಯಾನ್ಸಲ್ ಮಾಡಿ. ನಂಬರ್ ಸಾಲಿನಲ್ಲಿ ಒಂದು ಮಾಯವಾದರೆ ಆಡಿಟರ್‌ಗೆ ಉತ್ತರ ಹೇಳಬೇಕಾದವರು ನೀವೇ.