ಫೋಟೋಗ್ರಫಿ ಕಲಿಸಲು ಹೊರಟವರಿಗೆ: ಮೊದಲ ಕ್ಲಾಸಿಗೆ ಬಿಳಿ ಪಂಚೆ, ಕರಿ ಕಂಬಳಿ

ಒಳ್ಳೆಯ ಫೋಟೋಗ್ರಾಫರುಗಳ ಮೊದಲ ಕ್ಲಾಸು ಹೆಚ್ಚಾಗಿ ಕೆಡುವುದು ಹೀಗೆ: ಒಂದು ಗಂಟೆ ಅವರದೇ ಫೋಟೋಗಳ ಪ್ರದರ್ಶನ, ಇನ್ನೊಂದು ಗಂಟೆ ಬೋರ್ಡಿನ ಮೇಲೆ ಅಪರ್ಚರ್ (ಲೆನ್ಸಿನ ಕಿಂಡಿ), ಶಟರ್ (ಬೆಳಕು ಬೀಳುವ ಹೊತ್ತು), ಐಎಸ್‌ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) ತ್ರಿಕೋನ. ಕೂತವರು ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಆಟೋ ಮೋಡಿಗೇ ತಿರುಗಿಸುತ್ತಾರೆ. ಮೊದಲ ದಿನ ಎಕ್ಸ್‌ಪೋಷರ್, ಅಂದರೆ ಫೋಟೋಗೆ ಎಷ್ಟು ಬೆಳಕು ಬೇಕೆಂಬುದು, ಒಂದೇ ಸಾಕು.

ಬೇಕಾದದ್ದು ಒಂದು ಬಿಳಿ ಪಂಚೆ, ಒಂದು ಕರಿ ಕಂಬಳಿ, ನೇರ ಬಿಸಿಲು ಬೀಳದ ಜಗಲಿ. ಎಂಟು ಜನಕ್ಕಿಂತ ಹೆಚ್ಚಿದ್ದರೆ ಜೊತೆಗೊಬ್ಬ ಸಹಾಯಕ ಇರಲಿ. ಪಂಚೆ, ಕಂಬಳಿ ಎರಡನ್ನೂ ಹಗ್ಗದ ಮೇಲೆ ಅಕ್ಕಪಕ್ಕ ಹರವಿ. ಎಲ್ಲರೂ ಅಪರ್ಚರ್ ಪ್ರಯಾರಿಟಿ (ಕಿಂಡಿ ನಾವು ಇಟ್ಟರೆ ಶಟರನ್ನು ಕ್ಯಾಮೆರಾ ಆರಿಸುವ ಮೋಡ್), ಎಫ್ 5.6, ಐಎಸ್‌ಒ 400, ಕಾಂಪನ್ಸೇಶನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಲ್) ಸೊನ್ನೆಗೆ ಇಟ್ಟು, ಮೊದಲು ಪಂಚೆಯಷ್ಟೇ ಫ್ರೇಮು ತುಂಬುವಂತೆ, ಆಮೇಲೆ ಕಂಬಳಿಯಷ್ಟೇ ತುಂಬುವಂತೆ ಒಂದೊಂದು ಫೋಟೋ ತೆಗೆಯಲಿ. ಪಂಚೆ ಮಾಸಿದಂತೆ, ಕಂಬಳಿ ಬಣ್ಣ ಹೋದಂತೆ, ಎರಡೂ ಬೂದು ಬರುತ್ತವೆ. ಯಾಕೆ ಎಂದು ಅವರೇ ಕೇಳುವ ತನಕ ನೀವು ಬಾಯಿ ಬಿಡಬೇಡಿ.

ಎದುರಿಗೆ ಏನೇ ಇರಲಿ, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಅದನ್ನು ನಡುವಿನ ಬೂದಿಗೆ ತಂದು ನಿಲ್ಲಿಸುತ್ತದೆ. ಅಮೆರಿಕದ ಫೋಟೋಗ್ರಾಫರುಗಳಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ಲಾಸ್ ಏಂಜಲೀಸಿನಲ್ಲಿ ಪಾಠ ಮಾಡುತ್ತಿದ್ದಾಗ ರೂಪಿಸಿದ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಮೆಟ್ಟಿಲುಗಳಾಗಿ ಭಾಗಿಸುವ ಜೋನ್ ಸಿಸ್ಟಮ್‌ನಲ್ಲಿ ಈ ಬೂದು ಐದನೇ ಜೋನ್. ನೇಯ್ಗೆ ಕಾಣುವ ಬಿಳಿ ಏಳನೆಯದು, ಎಳೆ ಕಾಣುವ ಕಪ್ಪು ಮೂರನೆಯದು. ಒಂದು ಜೋನ್ ಎಂದರೆ ಕಾಂಪನ್ಸೇಶನ್‌ನಲ್ಲಿ ಒಂದು ಅಂಕ. ಹಾಗಾಗಿ ಪಂಚೆಗೆ ಸುಮಾರು +1.7ರಿಂದ +2, ಕಂಬಳಿಗೆ ಅಷ್ಟೇ ಮೈನಸ್. ಇದನ್ನು ಹೇಳಿಕೊಡದೆ, ಪಂಚೆಗೆ 0.3ರಂತೆ ಏರಿಸುತ್ತಾ, ಕಂಬಳಿಗೆ ಇಳಿಸುತ್ತಾ ಅವರೇ ಹುಡುಕಲಿ. ಹಿಸ್ಟೋಗ್ರಾಮಿನ (ಫೋಟೋದ ಕಪ್ಪು-ಬಿಳುಪಿನ ಹಂಚಿಕೆ ತೋರುವ ನಕ್ಷೆ) ಗುಡ್ಡ ಪಂಚೆಗೆ ಏರಿಸಿದಂತೆ ಬಲಕ್ಕೆ ಸರಿಯುವುದು ಆಗ ಕಣ್ಣಿಗೆ ಕಾಣುತ್ತದೆ.

ಇಲ್ಲಿ ಕೈಕೊಡುವ ಸಂಗತಿಗಳು ಕೆಲವು. ಬಟ್ಟೆ ಸಪಾಟಾಗಿದ್ದರೆ ಫೋಕಸ್ ಸಿಗದೆ ಶಟರೇ ಬೀಳದು. ಮಡಿಕೆಯ ಮೇಲೆ ಹಿಡಿಯಿರಿ, ಇಲ್ಲವೇ ಮ್ಯಾನ್ಯುಯಲ್ ಫೋಕಸ್ ಮಾಡಿಸಿ. ಆಟೋ ಐಎಸ್‌ಒ ಆನ್ ಇದ್ದರೆ ಶಟರ್ ಬದಲು ಐಎಸ್‌ಒ ಏರಿಳಿಯಬಹುದು, ಏನು ಬದಲಾಯಿತೆಂದೇ ತಿಳಿಯದು. ಕ್ಯಾನನ್‌ನ ಆಟೋ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನ ಆಕ್ಟಿವ್ ಡಿ-ಲೈಟಿಂಗ್ ಎರಡನ್ನೂ ಆಫ್ ಮಾಡಿಸಿ. ನೀವು ತೋರಿಸಬೇಕೆಂದಿರುವ ತಪ್ಪನ್ನೇ ಇವು ತೇಪೆ ಹಾಕಿ ಮುಚ್ಚುತ್ತವೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಮೇಷ್ಟರ ಕೈ. ಕ್ಯಾಮೆರಾ ಕಸಿದುಕೊಂಡು ನೀವೇ ಡಯಲ್ ತಿರುಗಿಸಿದರೆ ಎರಡು ಸೆಕೆಂಡಿನಲ್ಲಿ ಫೋಟೋ ಸರಿಯಾಗುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಬಟನ್ ಎಲ್ಲಿದೆ ಎಂದು ಬಾಯಲ್ಲಿ ಹೇಳಿ, ಹುಡುಕುವಷ್ಟು ಹೊತ್ತು ಕಾಯಿರಿ.

ಫೋನು ತಂದವರನ್ನು ಬದಿಗೆ ಕೂರಿಸಬೇಡಿ. ಪಂಚೆಯ ಮೇಲೆ ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಎಕ್ಸ್‌ಪೋಷರ್ ಲಾಕ್ ಆಗುತ್ತದೆ, ಬೆರಳನ್ನು ಮೇಲೆ ಸರಿಸಿದರೆ ಬಿಳುಪು ಬರುತ್ತದೆ.

ಎರಡನೇ ಕ್ಲಾಸಿಗೆ ರಂಗನತಿಟ್ಟಿನಂಥ ಜಾಗ ಒಳ್ಳೆಯದು. ಊರ ಕೆರೆಯೂ ಆದೀತು. ನೆರಳಿನ ಕಡು ನೀರಿನ ಮುಂದೆ ನಿಂತ ಬೆಳ್ಳಕ್ಕಿಯನ್ನು ತೆಗೆಯಲು ಹೇಳಿ. ‘ಬಿಳಿ ಅಂದರೆ ಪ್ಲಸ್’ ಎಂದು ಉರು ಹೊಡೆದವರ ಹಕ್ಕಿ ಗರಿಯೇ ಕಾಣದಂತೆ ಸುಟ್ಟುಹೋಗುತ್ತದೆ. ಫ್ರೇಮಿನ ತುಂಬ ಕಪ್ಪು, ಮೀಟರು ಅದನ್ನೇ ಬೂದು ಮಾಡಲು ಹೊರಟಿರುತ್ತದೆ. ಇಲ್ಲಿ ಬೇಕಾದದ್ದು ಮೈನಸ್. -0.7ರಿಂದ ಶುರು ಮಾಡಿಸಿ, ಹೈಲೈಟ್ (ಪರದೆಯ ಮೇಲೆ ಅತಿ ಬಿಳುಪಾಗಿ ಸುಟ್ಟ ಭಾಗ) ಮಿನುಗುವುದು ನಿಲ್ಲುವವರೆಗೆ ಇಳಿಸುತ್ತಾ ಹೋಗಲಿ.