ಹಳೆಯ ಬಿದ್ರಿ ಸಾಮಾನು: ಕೊಳ್ಳುವ ಮುನ್ನ, ಮಾರುವ ಮುನ್ನ

ಬೀದರ್, ಕಲಬುರಗಿ ಕಡೆಯ ಹಳೆಯ ಮನೆಗಳಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಬಿದ್ರಿ ಸಾಮಾನು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬೀದರ್‌ನ ಕೈಕೆಲಸ, ಕೈಗೆ ಸಿಗುವುದುಂಟು. ಹುಕ್ಕಾದ ಬುಡ, ಪಾನ್‌ದಾನ್, ಹೂಜಿ, ಪೀಕದಾನಿ, ಹೀಗೆ ಏನಾದರೂ. ಧೂಳು ಹಿಡಿದು ಮಂಕಾಗಿರುತ್ತದೆ, ಬೆಳ್ಳಿಯೂ ಕಪ್ಪಿಟ್ಟಿರುತ್ತದೆ. ಗುಜರಿಯವನು ತೂಕಕ್ಕೆ ದುಡ್ಡು ಕೊಟ್ಟು ಒಯ್ಯುತ್ತಾನೆ. ಅದು ಕರಗಿದರೆ ಮುಗಿಯಿತು, ಆ ಕೈಕೆಲಸ ಮತ್ತೆ ಹುಟ್ಟುವುದಿಲ್ಲ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಯಾರಿಕೆ ತಿಳಿಯಿರಿ

ಅಸಲಿ, ನಕಲಿ ಗುರುತಿಸುವ ಎಲ್ಲ ಉಪಾಯಗಳೂ ಇದರಲ್ಲೇ ಇವೆ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ಮೈಯನ್ನು ಸ್ವಲ್ಪ ಹೊತ್ತಿಗೆ ಕಪ್ಪು ಮಾಡಿಕೊಂಡು, ಅದರ ಮೇಲೆ ಕೈಯಿಂದಲೇ ನಕ್ಷೆ ಗೀರುತ್ತಾರೆ. ಆ ಗೆರೆಗಳನ್ನು ಉಳಿಯಿಂದ ಕೊರೆದು, ಬೆಳ್ಳಿ ತಂತಿ ಇಲ್ಲವೇ ತಗಡನ್ನು ಬಡಿದು ಕೂರಿಸುತ್ತಾರೆ. ತಂತಿ ಕೆಲಸಕ್ಕೆ ತಾರ್‌ಕಶಿ, ತಗಡಿನ ಕೆಲಸಕ್ಕೆ ತಹ್‌ನಿಶಾನ್ ಅನ್ನುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಬಿಸಿ ಮಾಡಿ ತಿಕ್ಕಿದಾಗ ಸತು ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ.

ಅಂದರೆ ಆ ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಲೋಹದ ಮೈಯೇ ಹಾಗಾಗಿದ್ದು. ಇದೊಂದು ನೆನಪಿಟ್ಟುಕೊಳ್ಳಿ.

ಓದುವುದಕ್ಕಿಂತ ಕಣ್ಣಾರೆ ನೋಡುವುದು ಒಳ್ಳೆಯದು. ಬೀದರ್‌ನ ಹಳೆ ಊರಿನಲ್ಲಿ ಚೌಬಾರಾ ಕಡೆ ಹೋದರೆ ಬಿದ್ರಿ ಕೆಲಸಗಾರರು ಸಿಗುತ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರದೂ ಇದೇ ಊರು. ಹಳೆಯ ಮಾಲು ಹೇಗಿರುತ್ತದೆ ಅಂತ ಕಣ್ಣು ಪಳಗಿಸಿಕೊಳ್ಳಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬನ್ನಿ.

ಕೈಗೆ ತಗೊಂಡು ನೋಡಿ

ಗಾತ್ರಕ್ಕೆ ತಕ್ಕ ಭಾರ ಇರಬೇಕು. ಹಗುರವಾಗಿದ್ದರೆ ಅಲ್ಯೂಮಿನಿಯಂಗೆ ಕಪ್ಪು ಪೇಂಟ್ ಹೊಡೆದಿರಬಹುದು. ಮ್ಯಾಗ್ನೆಟ್ ಹಿಡಿಯಿರಿ, ಅಂಟಿದರೆ ಅದು ಬಿದ್ರಿಯಲ್ಲ, ಒಳಗೆ ಕಬ್ಬಿಣವಿದೆ. ಅಂಟದಿದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಅಲ್ಯೂಮಿನಿಯಂಗೂ ಮ್ಯಾಗ್ನೆಟ್ ಅಂಟುವುದಿಲ್ಲ ಅಲ್ವಾ? ಮಾರುವವರು ಒಪ್ಪಿದರೆ, ತಳದಲ್ಲಿ ಕಾಣದ ಜಾಗಕ್ಕೆ ಹತ್ತಿಯಲ್ಲಿ ಒಂದು ಹನಿ ಥಿನ್ನರ್ ಹಚ್ಚಿ ನೋಡಿ. ಎಣ್ಣೆಯ ಜಿಡ್ಡು ಬಂದರೆ ಚಿಂತೆಯಿಲ್ಲ. ಕಪ್ಪೇ ಎದ್ದು ಬಂದರೆ ಅದು ಪೇಂಟು.

ಈಗ ಭೂತಗನ್ನಡಿ ತೆಗೆಯಿರಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಒಂದೇ ಸಾಲಿನಲ್ಲಿರುವ ಎರಡು ಹೂಗಳನ್ನು ಹೋಲಿಸಿ. ಕೈಯಿಂದ ಕೊರೆದದ್ದಾದರೆ ಒಂದರ ಎಸಳು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಬಳ್ಳಿ ತಿರುಗುವ ಕಡೆ ಉಳಿ ನಿಂತು ಮತ್ತೆ ಹೊರಟ ಗುರುತು ಕಾಣುತ್ತದೆ. ಬೆಳ್ಳಿ ಉದುರಿದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಕೊರೆದ ಕಾಲುವೆ ಖಾಲಿಯಾಗಿ ಕಾಣಬೇಕು. ಮೇಲೆ ಬರೀ ಬೆಳ್ಳಿ ಬಣ್ಣ ಎಳೆದಿದ್ದರೆ ಅಡಿಯಲ್ಲಿ ಕಾಲುವೆಯೇ ಇರುವುದಿಲ್ಲ. ಹಾಗಾಗಿ ಒಂದೆರಡು ಕಡೆ ಬೆಳ್ಳಿ ಹೋಗಿದೆ ಅಂತ ಹಳೆಯ ವಸ್ತುವನ್ನು ಬೇಡ ಅನ್ನಬೇಡಿ.

ಆಮೇಲೆ ತಿರುಗಿಸಿ ತಳ ನೋಡಿ. ವರ್ಷಗಟ್ಟಲೆ ನೆಲದ ಮೇಲೆ, ತಟ್ಟೆಯ ಮೇಲೆ ಕೂತ ಅಂಚು ಸವೆದು ಬೂದು ಲೋಹ ಕಾಣುತ್ತದೆ. ಕೈ ಹಿಡಿಯುವ ಕಡೆ ನಯ ಜಾಸ್ತಿ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ, ಒಂದೇ ಸಮ ಮಂಕಾಗಿದ್ದರೆ, ಹೊಸದನ್ನು ಹಳೆಯದು ಮಾಡಿದ್ದಾರೋ ಏನೋ ಅಂತ ಅನುಮಾನಪಡಿ.

ಸತುವಿನ ಎರಕ ಬಿದ್ದರೆ ಬಿರುಕು ಬಿಡುತ್ತದೆ. ಕುತ್ತಿಗೆಯ ಬೆಸುಗೆ, ಮುಚ್ಚಳದ ಕೀಲು ತಪ್ಪದೆ ನೋಡಿ. ಎಂ-ಸೀಲ್ ಹಾಕಿ ಮೇಲೆ ಕಪ್ಪು ಬಳಿದಿದ್ದರೆ ಬೆಲೆ ಇಳಿಸಿ ಕೇಳಿ.

ದಯವಿಟ್ಟು ತಿಕ್ಕಬೇಡಿ

ಹುಣಸೆಹಣ್ಣು, ನಿಂಬೆಹಣ್ಣು, ಹಿತ್ತಾಳೆ ಬೆಳಗುವ ಪುಡಿ ಯಾವುದೂ ಬೇಡ. ಹುಳಿ ಮುಟ್ಟಿದರೆ ಕಪ್ಪು ಹೋಗಿ ಬೂದು ಸತು ಎದ್ದು ಬರುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ, ಕೊಬ್ಬರಿ ಎಣ್ಣೆ ಒಂದೆರಡು ಹನಿ ಸವರಿ, ಜಿಡ್ಡು ಉಳಿಯದಂತೆ ಒರೆಸಿ. ಬಿಳಿ ಪುಡಿ ಕಟ್ಟಿದ್ದರೆ ಅದು ತೇವ ತಗುಲಿದ ಗುರುತು, ಒಣ ಜಾಗದಲ್ಲಿಡಿ. ಕಪ್ಪು ಪೂರ್ತಿ ಹೋಗಿದ್ದರೆ ಬಿದ್ರಿ ಕೆಲಸಗಾರರಿಗೇ ಕೊಡಿ.

ಮಾರುವಾಗ

ತೂಕಕ್ಕೆ ಮಾರಲೇಬೇಡಿ. ಸತುವಿನ ರೇಟು, ಬೆಳ್ಳಿಯ ರೇಟು ಎರಡೂ ಇದರ ಬೆಲೆ ಹೇಳುವುದಿಲ್ಲ. ಬೆಲೆ ಇರುವುದು ಕೆತ್ತನೆಯಲ್ಲಿ, ವಯಸ್ಸಿನಲ್ಲಿ, ಮುಚ್ಚಳ, ತಟ್ಟೆ ಎಲ್ಲ ಜೋಡಿಯಾಗಿ ಉಳಿದಿರುವುದರಲ್ಲಿ. ಹಗಲು ಬೆಳಕಿನಲ್ಲಿ ನಾಲ್ಕೂ ಕಡೆಯ, ತಳದ, ಒಡಕಿನ ಫೋಟೊ ತೆಗೆಯಿರಿ. ಯಾರ ಕಾಲದಿಂದ ಮನೆಯಲ್ಲಿದೆ, ಯಾವ ಊರಿಂದ ಬಂತು ಅಂತ ಮನೆಯ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಅದರ ಜತೆಗಿಡಿ. ಎರಡು ಮೂರು ಕಡೆ ತೋರಿಸದೆ ರೇಟು ಒಪ್ಪಿಕೊಳ್ಳಬೇಡಿ. ಕೊಂಡರೂ ಮಾರಿದರೂ ರಸೀದಿ ಇರಲಿ.

ಕಾನೂನು

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾತನ ವಸ್ತು. ಅವುಗಳ ವ್ಯಾಪಾರ ನಡೆಸಲು ಲೈಸೆನ್ಸ್ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಪಾನ್‌ದಾನ್ ಕಳಿಸುವ ಮೊದಲು ಇದನ್ನು ಯೋಚಿಸಿ. ಅಷ್ಟು ಹಳೆಯದಲ್ಲ ಅನ್ನಿಸಿದರೆ, ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಪಡೆದೇ ಕಳಿಸಿ. ಇನ್ನು ಪಾಯ ತೋಡುವಾಗಲೋ ಹೊಲ ಉಳುವಾಗಲೋ ಹಳೆಯ ಸಾಮಾನು, ನಾಣ್ಯ ಸಿಕ್ಕರೆ ಅದಕ್ಕೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಬೇರೆಯೇ ಇದೆ. ಮಾರುವ ಮಾತು ಬಿಟ್ಟು ಜಿಲ್ಲಾಧಿಕಾರಿ ಕಚೇರಿಗೆ ಬರೆದು ತಿಳಿಸಿ.